ಮಂಗನ ಕಾಯಿಲೆಯ ಎರಡನೇ ಜ್ವರ, ಮಿದುಳಿನ ತಡೆಗೋಡೆ ಮತ್ತು ಎಂಎಂಪಿ-9

ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯವರಿಗೆ ಮಂಗನ ಕಾಯಿಲೆ ಗೊತ್ತಿರುವುದೇ. ದರಗು ಗುಡಿಸಲೋ ಸೌದೆ ತರಲೋ ಕಾಡಿಗೆ ಹೋದಾಗ ಉಣುಗು ಕಚ್ಚುತ್ತದೆ, ಕೆಲವು ದಿನಕ್ಕೆ ಜ್ವರ ಏರುತ್ತದೆ, ಹೆಚ್ಚಿನವರಿಗೆ ಎರಡು ವಾರದೊಳಗೆ ಇಳಿಯುತ್ತದೆ. ಆದರೆ ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರುಕಳಿಸುತ್ತದೆ. ಆಗ ಬರುವುದು ತೀವ್ರ ತಲೆನೋವು, ಕತ್ತು ಬಿಗಿ, ಕೈ ನಡುಕ, ದೃಷ್ಟಿ ಮಂಜು, ಗೊಂದಲ. ಈ ಎರಡನೇ ಸುತ್ತನ್ನು 'ನಿಶ್ಶಕ್ತಿ' ಅಂತ ಮನೆಯಲ್ಲೇ ಕಳೆಯಬಾರದು.

ಎರಡನೇ ಸುತ್ತಿನ ಈ ಲಕ್ಷಣಗಳು ಮಿದುಳಿಗೆ ಸಂಬಂಧಿಸಿದವು. ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಕ್ಲಾಡಿನ್-5, ಆಕ್ಲುಡಿನ್ ಎಂಬ ಪ್ರೋಟೀನುಗಳಿಂದ ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಅವುಗಳ ಹೊರಗೆ ಟೈಪ್-4 ಕೊಲ್ಯಾಜನ್ನಿನ ತೆಳು ಪದರ. ಇದೇ ಮಿದುಳಿನ ತಡೆಗೋಡೆ. ವೈರಸ್ ಸೋಂಕಿಗೆ ಉತ್ತರವಾಗಿ ಟಿಎನ್‌ಎಫ್-ಆಲ್ಫಾ, ಐಎಲ್-1 ಬೀಟಾ ಎಂಬ ಉರಿಯೂತದ ಸಂದೇಶವಾಹಕಗಳು ಏರಿದಾಗ, ಕೋಶದೊಳಗಿನ ಸ್ವಿಚ್ಚಿನಂತಿರುವ ಎನ್‌ಎಫ್-ಕಪ್ಪಾ-ಬಿ ಮೂಲಕ ಎಂಎಂಪಿ-9 ವಂಶವಾಹಿ ಚುರುಕಾಗುತ್ತದೆ. ಅದರಿಂದ ತಯಾರಾಗುವ ಎಂಎಂಪಿ-9, ಸತುವನ್ನು ನಂಬಿ ಕೆಲಸ ಮಾಡುವ ಕಿಣ್ವ. ಹೊಲಿಗೆಯನ್ನೂ ಕತ್ತರಿಸುತ್ತದೆ, ಪದರವನ್ನೂ ಕರಗಿಸುತ್ತದೆ. ಇದನ್ನು ಹಿಡಿದು ನಿಲ್ಲಿಸುವುದು ಟಿಂಪ್-1 ಎಂಬ ಪ್ರೋಟೀನು. ಆದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಎಂಎಂಪಿ-9ನ್ನು ಮೊದಲೇ ತಯಾರಿಸಿ ಕಣಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ, ಜೊತೆಗೆ ಟಿಂಪ್-1 ಇಲ್ಲದೆಯೇ ಸುರಿಯುತ್ತವೆ. ಸೋಂಕಿನ ಆರಂಭದಲ್ಲಿ ಹಾನಿ ಅಷ್ಟು ಬೇಗ ಆಗುವುದಕ್ಕೆ ಇದೂ ಒಂದು ಕಾರಣ.

ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಬಂಧು, ಯುರೋಪಿನ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್. ಅದರ ರೋಗಿಗಳ ರಕ್ತದಲ್ಲೂ ಬೆನ್ನಿನ ನೀರಿನಲ್ಲೂ (ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ) ಎಂಎಂಪಿ-9 ಏರಿರುವುದು ದಾಖಲಾಗಿದೆ. ವೆಸ್ಟ್ ನೈಲ್ ವೈರಸ್ ಪ್ರಯೋಗದಲ್ಲಿ ಎಂಎಂಪಿ-9 ಇಲ್ಲದ ಇಲಿಗಳ ಮಿದುಳಿಗೆ ವೈರಸ್ ಕಡಿಮೆ ಹೊಕ್ಕಿತು, ಸತ್ತ ಇಲಿಗಳೂ ಕಡಿಮೆ.

ಹಾಗಂತ ಈ ಕಿಣ್ವವನ್ನು ಕೊಂದರೆ ಕಾಯಿಲೆ ವಾಸಿ ಅಂದುಕೊಳ್ಳುವಂತಿಲ್ಲ. ರೇಬಿಸ್ ನೋಡಿ. ಅಲ್ಲಿ ವೈರಸ್ ನರದ ದಾರಿಯಲ್ಲಿ ಹೋಗುತ್ತದೆ, ತಡೆಗೋಡೆ ಮುಚ್ಚಿಯೇ ಇರುತ್ತದೆ. ಹಾಗಾಗಿ ರಕ್ತದಲ್ಲಿರುವ ರೋಗನಿರೋಧಕ ಕೋಶಗಳು ಮಿದುಳಿಗೆ ಇಳಿಯುವುದೇ ಇಲ್ಲ. ತಡೆಗೋಡೆ ತೆರೆದುಕೊಂಡ ಇಲಿಗಳು ದುರ್ಬಲ ರೇಬಿಸ್ ವೈರಸ್ಸನ್ನು ಹೊರಹಾಕಿ ಬದುಕಿದವು. ಎಂಎಂಪಿಯನ್ನು ತಗ್ಗಿಸುವ ಆ್ಯಂಟಿಬಯಾಟಿಕ್ ಮಿನೋಸೈಕ್ಲಿನ್, ಇಲಿಗಳಲ್ಲಿ ಜಪಾನೀಸ್ ಮಿದುಳು ಜ್ವರಕ್ಕೆ ಒಳ್ಳೆಯದು ಮಾಡಿತು, ರೇಬಿಸ್‌ನಲ್ಲಿ ಕೆಡುಕು ಮಾಡಿತು. ಜಪಾನೀಸ್ ಮಿದುಳು ಜ್ವರಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ಥಾಯ್ಲೆಂಡಿನಲ್ಲಿ ನಡೆಸಿ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಲಾಭ ಕಾಣಲಿಲ್ಲ. ಚೇತರಿಕೆಯ ಹೊತ್ತಿಗೆ ಹೊಸ ರಕ್ತನಾಳ ಬೆಳೆಯಲು, ನರತಂತು ದಾರಿ ಮಾಡಿಕೊಳ್ಳಲು ಇದೇ ಕಿಣ್ವ ಬೇಕು. ಪಾರ್ಶ್ವವಾಯುವಿನ ಇಲಿಗಳಲ್ಲಿ ಒಂದು ವಾರದ ನಂತರ ಎಂಎಂಪಿ ತಡೆದಾಗ ಚೇತರಿಕೆಯೇ ಕುಂಟಿತು. 'ಉರಿಯೂತ ಇಳಿಯಲಿ' ಅಂತ ಡಾಕ್ಸಿಸೈಕ್ಲಿನ್ (ಮಿನೋಸೈಕ್ಲಿನ್ ಗುಂಪಿನದೇ ಔಷಧ), ಸ್ಟೀರಾಯ್ಡ್ ಕೇಳಿ ಪಡೆಯುವುದು ತಪ್ಪು ಅನ್ನುವುದು ಇದಕ್ಕೇ. ಚಿಗರ್ ಎಂಬ ಸಣ್ಣ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಂಥ ಜ್ವರ ಇರಬಹುದೆಂದು ವೈದ್ಯರು ಡಾಕ್ಸಿ ಬರೆದರೆ ಆ ಮಾತೇ ಬೇರೆ.

ಗೋಡೆ ಎಷ್ಟು ಸೋರುತ್ತಿದೆ ಎಂದು ತಿಳಿಯಲು ಎಂಎಂಪಿ ಪರೀಕ್ಷೆಗಿಂತ ಅಗ್ಗದ, ಹೆಚ್ಚು ನಂಬಬಹುದಾದ ಲೆಕ್ಕ ಒಂದಿದೆ: ಬೆನ್ನಿನ ನೀರಿನ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನು) ಭಾಗಿಸು ಸೀರಮ್ (ಹೆಪ್ಪುಗಟ್ಟಿದ ರಕ್ತದ ತಿಳಿ) ಅಲ್ಬುಮಿನ್. ಎರಡೂ ಒಂದೇ ದಿನ ತೆಗೆದಿರಬೇಕು. ಸೀರಮ್ ವರದಿ ಡೆಸಿಲೀಟರಿಗೆ ಗ್ರಾಂನಲ್ಲಿ, ಬೆನ್ನಿನ ನೀರಿನದು ಮಿಲಿಗ್ರಾಂನಲ್ಲಿ ಬರುವುದರಿಂದ ಇಲ್ಲಿ ಸಾವಿರಪಟ್ಟು ತಪ್ಪುವುದುಂಟು. ಸೀರಮ್ 4 ಗ್ರಾಂ ಎಂದರೆ 4000 ಮಿಲಿಗ್ರಾಂ. ಬೆನ್ನಿನ ನೀರು 60 ಮಿಲಿಗ್ರಾಂ ಇದ್ದರೆ ಅನುಪಾತ 0.015. ವಯಸ್ಕರಲ್ಲಿ ಸುಮಾರು 0.009 ದಾಟಿದರೆ ಸೋರಿಕೆ ಎಂದೇ ಲೆಕ್ಕ. ಸೂಜಿ ಚುಚ್ಚುವಾಗ ರಕ್ತ ಬೆರೆತಿದ್ದರೆ ಅಲ್ಬುಮಿನ್ನೂ ಎಂಎಂಪಿಯೂ ಸುಳ್ಳಾಗಿ ಏರುತ್ತವೆ. ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ. 40–50 ಸಾವಿರಕ್ಕಿಂತ ಕಡಿಮೆಯಿದ್ದರೆ ಬೆನ್ನಿನ ನೀರು ತೆಗೆಯಲು ಸಾಮಾನ್ಯವಾಗಿ ಕಾಯುತ್ತಾರೆ.

ಎಂಎಂಪಿ-9 ಅಳೆಯಲೇಬೇಕೆಂದಿರುವ ಹಾಸನ, ಚಿಕ್ಕಮಗಳೂರಿನ ಲ್ಯಾಬ್ ವಿದ್ಯಾರ್ಥಿಗಳಿಗೆ: ಸೀರಮ್ ಬೇಡ, ರಕ್ತ ಹೆಪ್ಪುಗಟ್ಟುವಾಗ ಬಿಳಿ ರಕ್ತಕಣಗಳಿಂದ ಎಂಎಂಪಿ-9 ಸೋರಿ ಅಂಕಿ ಉಬ್ಬುತ್ತದೆ. ಪ್ಲಾಸ್ಮಾ ತೆಗೆಯಿರಿ. ಇಡಿಟಿಎ ಟ್ಯೂಬ್ ಕ್ಯಾಲ್ಸಿಯಂ, ಸತು ಎರಡನ್ನೂ ಹಿಡಿದುಕೊಳ್ಳುತ್ತದೆ. ಜೈಮೋಗ್ರಫಿಗೆ (ಜೆಲ್‌ನಲ್ಲಿ ಕಿಣ್ವದ ಕೆಲಸ ನೋಡುವ ಪರೀಕ್ಷೆ) ಸಿಟ್ರೇಟ್ ಅಥವಾ ಹೆಪಾರಿನ್ ಮೇಲು. ಜೆಲ್‌ಗೆ 0.1 ಶೇಕಡಾ ಜೆಲಾಟಿನ್ ಹಾಕಿ. ಸ್ಯಾಂಪಲ್ ಕುದಿಸಬೇಡಿ, ಮರ್ಕ್ಯಾಪ್ಟೋಎಥನಾಲ್ ಸೇರಿಸಬೇಡಿ. ಸೇರಿಸಿದರೆ ಕಿಣ್ವ ಮತ್ತೆ ಮಡಚಿಕೊಳ್ಳುವುದಿಲ್ಲ, ಜೆಲ್ ಪೂರ್ತಿ ನೀಲಿಯಾಗೇ ಉಳಿಯುತ್ತದೆ. ಓಡಿಸಿದ ಮೇಲೆ 2.5 ಶೇಕಡಾ ಟ್ರೈಟಾನ್‌ನಲ್ಲಿ ಅರ್ಧ ಗಂಟೆಯಂತೆ ಎರಡು ಸಲ ತೊಳೆದು, ಕ್ಯಾಲ್ಸಿಯಂ ಇರುವ ಬಫರಿನಲ್ಲಿ 37 ಡಿಗ್ರಿಗೆ ರಾತ್ರಿಯಿಡೀ ಬಿಡಿ. ಕೂಮಾಸಿ ಬಣ್ಣ ಹಾಕಿ ತೆಗೆದಾಗ 92 ಕಿಲೋಡಾಲ್ಟನ್ ಬಳಿ ಬಿಳಿ ಪಟ್ಟಿ ಕಾಣುತ್ತದೆ. ಅದನ್ನು ನೋಡಿ 'ಕಿಣ್ವ ಸಕ್ರಿಯ' ಎಂದು ಬರೆಯಬೇಡಿ. ಜೆಲ್ ಓಡಿಸಲು ಬಳಸುವ ಮಾರ್ಜಕ ಎಸ್‌ಡಿಎಸ್ ನಿಷ್ಕ್ರಿಯ ರೂಪವನ್ನೂ ತೆರೆದುಬಿಡುತ್ತದೆ, ಟಿಂಪ್-1ನ್ನು ಕಳಚಿಬಿಡುತ್ತದೆ. ರೋಗಿಯ ಮಿದುಳಿನಲ್ಲಿ ಅದು ಕೆಲಸ ಮಾಡುತ್ತಿತ್ತೇ ಎನ್ನುವುದಕ್ಕೆ ಟಿಂಪ್-1ನ್ನೂ ಪಕ್ಕದಲ್ಲೇ ಅಳೆದು ಅನುಪಾತ ನೋಡಬೇಕು.