ಸುಪ್ರೀಂ ಕೋರ್ಟ್ ಆದಮೇಲೆ ಇಂಟರ್‌ನ್ಯಾಷನಲ್ ಕೋರ್ಟಿಗೆ ಹೋಗಬಹುದಾ?

"ಮೇಡಂ, ಹೈಕೋರ್ಟ್ ಆಯ್ತು, ಸುಪ್ರೀಂ ಕೋರ್ಟೂ ಆಯ್ತು. ಇನ್ನು ಇಂಟರ್‌ನ್ಯಾಷನಲ್ ಕೋರ್ಟಿಗೆ ಹಾಕೋಣ್ವಾ?"

ಬೆಂಗಳೂರಿನಲ್ಲಿ ವಕೀಲಿಕೆ ಮಾಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಸಿಟಿ ಸಿವಿಲ್ ಕೋರ್ಟಿನ ಕಾರಿಡಾರಿನಲ್ಲಿ ಕಕ್ಷಿದಾರರು ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ನೆಂಟರೂ ಕೇಳುತ್ತಾರೆ. ಸ್ಟೇಷನ್ನಿನಲ್ಲಿ ಹೊಡೆದ ಕೇಸಿರಬಹುದು, ಜಮೀನು ಹೋದ ಕೇಸಿರಬಹುದು. ನನ್ನ ಉತ್ತರ ಒಂದೇ: ಆಗಲ್ಲ. ಯಾಕೆ ಆಗಲ್ಲ ಅನ್ನುವುದನ್ನು ನಿಂತಲ್ಲೇ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿರುವ ಕೋರ್ಟಿನ ವಿಷಯ ಮುಗಿಸಿಬಿಡೋಣ. 2017ರಲ್ಲಿ, ಗೂಢಚಾರ ಎಂದು ಪಾಕಿಸ್ತಾನ ಗಲ್ಲು ಶಿಕ್ಷೆ ಕೊಟ್ಟ ಭಾರತೀಯ ಕುಲಭೂಷಣ್ ಜಾಧವ್ ಅವರ ಕೇಸು ಟಿವಿಯಲ್ಲಿ ಬಂದಮೇಲೆ ಈ ಪ್ರಶ್ನೆ ಜಾಸ್ತಿಯಾಯಿತು. ಆದರೆ ಅಲ್ಲಿ ಕೇಸು ಹಾಕಿದ್ದು ಭಾರತ ಸರ್ಕಾರ, ಜಾಧವ್ ಅಲ್ಲ, ಅವರ ಮನೆಯವರೂ ಅಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದೇಶದ ಮೇಲೆ ದೇಶವೇ ಕೇಸು ಹಾಕಬೇಕು. ಅಷ್ಟೇ ಸಾಲದು, ಎದುರಿನ ದೇಶವೂ ಒಪ್ಪಿರಬೇಕು. ಪರದೇಶದಲ್ಲಿ ಬಂಧನವಾದವರಿಗೆ ತಮ್ಮ ದೇಶದ ರಾಯಭಾರ ಕಚೇರಿಯ ನೆರವು ಸಿಗಬೇಕು ಅನ್ನುವ ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದದ ಜೊತೆಗೆ ಒಂದು ಐಚ್ಛಿಕ ಪ್ರೋಟೋಕಾಲ್, ಅಂದರೆ ಬೇಕಾದ ದೇಶ ಮಾತ್ರ ಸೇರುವ ಉಪ ಒಪ್ಪಂದ, ಇದೆ. ಈ ಒಪ್ಪಂದದ ಬಗ್ಗೆ ತಕರಾರು ಬಂದರೆ ಹೇಗ್‌ಗೆ ಹೋಗಬಹುದು ಅನ್ನುತ್ತದೆ ಅದು. ಎರಡೂ ದೇಶಗಳು ಅದನ್ನು ಮೊದಲೇ ಒಪ್ಪಿದ್ದವು. ಹಾಗಾಗಿ ಪಾಕಿಸ್ತಾನಕ್ಕೆ ತಪ್ಪಿಸಿಕೊಳ್ಳಲು ಆಗಲಿಲ್ಲ.

ಇದರ ಉಲ್ಟಾ ಕೇಸೂ ಇದೆ, ಅದನ್ನು ನಾವು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ. 1999ರಲ್ಲಿ ನಮ್ಮ ವಾಯುಪಡೆ ಪಾಕಿಸ್ತಾನದ ನೌಕಾಪಡೆಯ ವಿಮಾನವೊಂದನ್ನು ಹೊಡೆದುರುಳಿಸಿತು. ಪಾಕಿಸ್ತಾನ ಹೇಗ್‌ಗೆ ಹೋಯಿತು. ಪಾಕಿಸ್ತಾನವೂ ಸೇರಿದಂತೆ ಕಾಮನ್‌ವೆಲ್ತ್ ದೇಶಗಳ ಜೊತೆಗಿನ ವ್ಯಾಜ್ಯ ಬಿಟ್ಟು ಉಳಿದದ್ದಕ್ಕೆ ಮಾತ್ರ ನಮ್ಮ ಒಪ್ಪಿಗೆ ಎಂದು ಭಾರತ 1974ರಲ್ಲೇ ಬರೆದುಕೊಟ್ಟಿತ್ತು. 2000ದಲ್ಲಿ ಕೋರ್ಟು ಆ ಮಾತನ್ನೇ ಎತ್ತಿಹಿಡಿಯಿತು. ವಿಮಾನ ಉರುಳಿಸಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಕೈಯನ್ನೇ ಹಾಕಲಿಲ್ಲ.

ಹಾಗಾದರೆ ಮನುಷ್ಯರು ತಾವೇ ಹೋಗಬಹುದಾದ ಕೋರ್ಟು ಇಲ್ಲವೇ ಇಲ್ವಾ? ಇವೆ, ಆದರೆ ನಮಗಲ್ಲ. ಯುರೋಪಿನವರಿಗೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ, ಲ್ಯಾಟಿನ್ ಅಮೆರಿಕದವರಿಗೆ ಕೋಸ್ಟಾರಿಕಾದ ಸಾನ್ ಹೊಸೆಯಲ್ಲಿ (ಅಲ್ಲಿಗೆ ನೇರವಾಗಿ ಅಲ್ಲ, ಒಂದು ಆಯೋಗದ ಮೂಲಕ), ಆಫ್ರಿಕಾದವರಿಗೆ ತಾಂಜಾನಿಯದ ಅರೂಷಾದಲ್ಲಿ ಮಾನವ ಹಕ್ಕುಗಳ ಕೋರ್ಟುಗಳಿವೆ. ಏಷ್ಯಾಕ್ಕೆ ಅಂಥ ಕೋರ್ಟೇ ಇಲ್ಲ.

ಆದರೆ ನನಗೆ ಕುತೂಹಲ ಇರುವುದು ಬೇರೆ ಕಡೆ. ತನ್ನದೇ ಪ್ರಜೆ ಪರದೇಶದ ಕೋರ್ಟಿಗೆ ಹೋಗಿ ತನ್ನ ಮೇಲೆ ಕೇಸು ಹಾಕಲಿ ಎಂದು ಒಂದು ಸರ್ಕಾರ ಹೇಗಾದರೂ ಒಪ್ಪುತ್ತದೆ? ಕಂತಿನಲ್ಲಿ ಒಪ್ಪುತ್ತದೆ. ಹಕ್ಕುಗಳನ್ನು ಬರೆದಿರುವ ಒಪ್ಪಂದಕ್ಕೆ ಒಂದು ಸಹಿ. ಕೋರ್ಟಿನ ಅಧಿಕಾರ ಒಪ್ಪಲು ಇನ್ನೊಂದು. ಸಾಮಾನ್ಯ ಜನ ದೂರು ಕೊಡಬಹುದು ಅನ್ನುವುದಕ್ಕೆ ಮತ್ತೊಂದು. ಮೊದಲ ಸಹಿಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಿಜವಾಗಿ ಬೆಲೆ ಇರುವುದು ಕೊನೆಯದಕ್ಕೆ, ಅಲ್ಲೇ ಕೈ ಹಿಂದಕ್ಕೆ ಹೋಗುತ್ತದೆ.

ಯುರೋಪನ್ನೇ ನೋಡಿ. ಅಲ್ಲಿನ ಮಾನವ ಹಕ್ಕುಗಳ ಒಪ್ಪಂದ ಆದದ್ದು 1950ರಲ್ಲಿ. ಬ್ರಿಟನ್ 1951ರಲ್ಲೇ ಅದನ್ನು ಅನುಮೋದಿಸಿತು. ಆದರೆ ಜನರ ದೂರಿಗೆ ಅವಕಾಶ ಕೊಟ್ಟದ್ದು 1966ರಲ್ಲಿ. ಕೋರ್ಟು ತನ್ನ ನೆಲದಲ್ಲೇ ಇದ್ದರೂ ಫ್ರಾನ್ಸ್ 1981ರವರೆಗೆ ಕಾಯಿತು! 1998ರಲ್ಲಿ 11ನೇ ಪ್ರೋಟೋಕಾಲ್ ಜಾರಿಗೆ ಬಂದಮೇಲೆ ಈ ಕಂತಿನ ಆಟ ಅಲ್ಲಿ ಮುಗಿಯಿತು. ಈಗ ಒಪ್ಪಂದಕ್ಕೆ ಸೇರಿದರೆ ಕೋರ್ಟೂ ಬಂತು, ಜನರ ದೂರೂ ಬಂತು. ಬೇಡ ಅನ್ನುವವರು ಇಡೀ ಒಪ್ಪಂದದಿಂದಲೇ ಹೊರಗಿರಬೇಕು.

ಅದಕ್ಕಿಂತ ಮುಂಚಿನ ಒಂದು ಜಮೀನಿನ ಕೇಸು ನನಗೆ ಬಹಳ ಇಷ್ಟ. ಟರ್ಕಿ 1987ರಲ್ಲಿ ಜನರ ದೂರಿಗೆ, 1990ರಲ್ಲಿ ಕೋರ್ಟಿಗೆ ಒಪ್ಪಿತು. ಆದರೆ ಒಂದು ಷರತ್ತು ಸೇರಿಸಿತು: ಟರ್ಕಿಯ ಗಡಿಯೊಳಗೆ ನಡೆದದ್ದಕ್ಕೆ ಮಾತ್ರ. 1974ರಿಂದ ಅದರ ಸೇನೆ ಉತ್ತರ ಸೈಪ್ರಸ್‌ನಲ್ಲಿ ಕೂತಿತ್ತಲ್ಲ, ಅದನ್ನು ಕೋರ್ಟಿನ ಕಣ್ಣಿಂದ ತಪ್ಪಿಸುವ ಜಾಣತನ. ಲೊಯಿಜಿಡು ಎಂಬ ಸೈಪ್ರಸ್ಸಿನ ಹೆಣ್ಣುಮಗಳಿಗೆ ಆ ಕಡೆ ಜಮೀನಿತ್ತು, ಹೋಗಲು ಸೇನೆ ಬಿಡುತ್ತಿರಲಿಲ್ಲ. ಕೇಸು ಬಂದಾಗ ಟರ್ಕಿ ಷರತ್ತು ತೋರಿಸಿತು. ಷರತ್ತು ಬಿದ್ದರೆ ಒಪ್ಪಿಗೆಯೂ ಬೀಳಬೇಕು ತಾನೇ? ಯಾವ ವಕೀಲರಾದರೂ ಹಾಗೇ ವಾದಿಸುತ್ತಾರೆ, ನಾನೂ ವಾದಿಸುತ್ತಿದ್ದೆ. ಕೋರ್ಟು 1995ರಲ್ಲಿ ಬೇರೆಯೇ ಹೇಳಿತು: ಷರತ್ತು ನಡೆಯಲ್ಲ, ಒಪ್ಪಿಗೆ ಮಾತ್ರ ಹಾಗೇ ಉಳಿಯುತ್ತದೆ. ಟರ್ಕಿ ವರ್ಷಗಟ್ಟಲೆ ಸತಾಯಿಸಿ 2003ರಲ್ಲಿ ಪರಿಹಾರದ ದುಡ್ಡು ಕಟ್ಟಿತು.

ಪೆರು ದೇಶದ ಫುಜಿಮೊರಿ ಸರ್ಕಾರ ಇನ್ನೊಂದು ದಾರಿ ಹಿಡಿಯಿತು. ಮಿಲಿಟರಿ ಕೋರ್ಟಿನ ಶಿಕ್ಷೆಗಳ ಬಗ್ಗೆ ಸಾನ್ ಹೊಸೆ ಕೋರ್ಟು 1999ರಲ್ಲಿ ವಿರುದ್ಧ ತೀರ್ಪು ಕೊಟ್ಟಿತು. ಸರ್ಕಾರ ಕೆಲವೇ ವಾರಗಳಲ್ಲಿ 'ನಮ್ಮ ಒಪ್ಪಿಗೆ ವಾಪಸ್, ಇವತ್ತಿಂದಲೇ' ಅಂದಿತು. ಒಪ್ಪಂದದಲ್ಲಿ ಇರುತ್ತೇವೆ, ಕೋರ್ಟು ಮಾತ್ರ ಬೇಡ ಎಂಬ ವರಸೆ. ಕೋರ್ಟು ಅದನ್ನು ಒಪ್ಪಲಿಲ್ಲ. ಹೋಗುವುದಾದರೆ ಇಡೀ ಒಪ್ಪಂದ ಬಿಟ್ಟು, ಒಂದು ವರ್ಷದ ನೋಟಿಸ್ ಕೊಟ್ಟು ಹೋಗಿ ಅಂದಿತು. ಫುಜಿಮೊರಿ ಕುರ್ಚಿ ಬಿಟ್ಟಮೇಲೆ, 2001ರಲ್ಲಿ, ಪೆರು ಸುಮ್ನೆ ವಾಪಸ್ ಬಂತು. ವೆನೆಜುವೆಲಾ ಮಾತ್ರ 2012ರಲ್ಲಿ ನೋಟಿಸ್ ಕೊಟ್ಟು ಕ್ರಮಪ್ರಕಾರವೇ ಹೊರಟಿತು. ಅಮೆರಿಕ ಅದೇ ಒಪ್ಪಂದಕ್ಕೆ 1977ರಲ್ಲಿ ಸಹಿ ಹಾಕಿ ಇಂದಿಗೂ ಅನುಮೋದಿಸಿಲ್ಲ, ಅದರ ಬಗ್ಗೆ ಜಾಸ್ತಿ ಹೇಳುವಂಥದ್ದೇನೂ ಇಲ್ಲ.

ಆಫ್ರಿಕಾದಲ್ಲಿ ಕೊನೆಯ ಕಂತಿನ ಬೆಲೆ ಎದ್ದು ಕಾಣುತ್ತದೆ. ಅರೂಷಾ ಕೋರ್ಟಿನ ಮೊದಲ ತೀರ್ಪು ಬಂದದ್ದು 2009ರಲ್ಲಿ. ಚಾಡ್ ಮೂಲದ ಒಬ್ಬರು ಸೆನೆಗಲ್ ಮೇಲೆ ಕೇಸು ಹಾಕಿದ್ದರು. ಸೆನೆಗಲ್ ಕೋರ್ಟನ್ನು ಒಪ್ಪಿತ್ತು, ಆದರೆ ಜನರು ನೇರವಾಗಿ ಬರಬಹುದು ಎಂಬ ಪ್ರತ್ಯೇಕ ಘೋಷಣೆ ಕೊಟ್ಟಿರಲಿಲ್ಲ. ಕೇಸು ಅಲ್ಲಿಗೇ ಮುಗಿಯಿತು. ಆ ಘೋಷಣೆ ಕೊಟ್ಟವರಾದರೂ ಉಳಿದರಾ? ವಿರೋಧ ಪಕ್ಷದ ನಾಯಕಿಯ ಕೇಸು ನಡೆಯುತ್ತಿರುವಾಗಲೇ ರುವಾಂಡಾ 2016ರಲ್ಲಿ ಅದನ್ನು ಹಿಂತೆಗೆದುಕೊಂಡಿತು. 2019ರಲ್ಲಿ ತಾಂಜಾನಿಯ, 2020ರಲ್ಲಿ ಬೆನಿನ್ ಮತ್ತು ಐವರಿ ಕೋಸ್ಟ್ ಅದೇ ದಾರಿ ಹಿಡಿದವು. ತಾಂಜಾನಿಯ ಕೋರ್ಟಿಗೆ ಜಾಗ ಕೊಟ್ಟ ದೇಶ, ಅತಿ ಹೆಚ್ಚು ಕೇಸು ಇದ್ದದ್ದೂ ಅದರ ಮೇಲೆಯೇ. ಜನ ನಿಜವಾಗಿ ಬಾಗಿಲು ತಟ್ಟಲು ಶುರು ಮಾಡಿದ ಮೇಲೆ ಬಾಗಿಲು ಹಾಕಿದರು. ನೆಪಗಳು ಏನೇ ಇರಲಿ, ನನಗೆ ಕಾಣುವುದು ಇಷ್ಟೇ.

ಹಾಗಾದರೆ ಸರ್ಕಾರಗಳು ಒಪ್ಪುವುದಾದರೂ ಯಾಕೆ? ಒಳ್ಳೆತನದಿಂದ ಅಂತ ನನಗೆ ಅನಿಸುವುದಿಲ್ಲ, ಭಯದಿಂದ. ಅರ್ಜೆಂಟೀನಾದಲ್ಲಿ ಮಿಲಿಟರಿ ಆಡಳಿತ ಮುಗಿದದ್ದು 1983ರ ಡಿಸೆಂಬರ್‌ನಲ್ಲಿ, ಅದು ಸಾನ್ ಹೊಸೆ ಕೋರ್ಟನ್ನು ಒಪ್ಪಿದ್ದು 1984ರಲ್ಲಿ. ನಾಳೆ ಮತ್ತೆ ಸಮವಸ್ತ್ರದವರು ಬಂದರೆ ಅವರ ಕೈ ಈಗಲೇ ಕಟ್ಟಿಡೋಣ ಎಂಬ ಲೆಕ್ಕಾಚಾರ. ಸ್ಥಿರವಾಗಿದ್ದೇವೆ ಅಂದುಕೊಂಡ ಸರ್ಕಾರಕ್ಕೆ ಅಂಥ ಆತುರ ಇರುವುದಿಲ್ಲ, ಅಲ್ವಾ?

ಭಾರತ ಮೊದಲ ಕಂತಿನಲ್ಲೇ ನಿಂತಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಗೆ ನಾವು 1979ರಲ್ಲಿ ಸೇರಿದೆವು. ಅದರಡಿ ಇರುವ ಸಮಿತಿಗೆ ಜನ ದೂರು ಕೊಡಲು ಬಿಡುವ ಐಚ್ಛಿಕ ಪ್ರೋಟೋಕಾಲ್‌ಗೆ ಸೇರಲಿಲ್ಲ. ನೇಪಾಳ 1991ರಲ್ಲಿ, ಶ್ರೀಲಂಕಾ 1997ರಲ್ಲಿ ಸೇರಿದವು. ಆದರೆ ಹಾಗೆ ಸೇರಿದ್ದೇ ಸಂವಿಧಾನಕ್ಕೆ ವಿರುದ್ಧ ಎಂದು ಶ್ರೀಲಂಕಾದ ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಹೊರಗೆ ಕೊಟ್ಟ ಒಪ್ಪಿಗೆಗೆ ಮನೆಯೊಳಗೆ ಬೆಲೆ ಇಲ್ಲದಂತೆ ಅಲ್ಲಿನ ಕೋರ್ಟೇ ಹೀಗೆ ಮಾಡಬಹುದು.

ಇನ್ನು, ಕೇಳಿದವರು ಏನು ಮಾಡಬಹುದು? ಅಕ್ರಮವಾಗಿ ಬಂಧಿಸಿ ಇಟ್ಟಿದ್ದರೆ ವಿಶ್ವಸಂಸ್ಥೆಯ ಒಂದು ಕಾರ್ಯತಂಡಕ್ಕೆ ಯಾವ ದೇಶದವರಾದರೂ ಬರೆಯಬಹುದು, ಅದಕ್ಕೆ ಬೇರೆ ಒಪ್ಪಿಗೆ ಬೇಕಿಲ್ಲ. ಅದು ಅಭಿಪ್ರಾಯ ಹೇಳುತ್ತದೆ, ಆದೇಶ ಕೊಡುವುದಿಲ್ಲ. ನಾವು ಸಹಿ ಹಾಕಿದ ಒಪ್ಪಂದಗಳನ್ನು ನಮ್ಮ ಕೋರ್ಟಿನಲ್ಲೇ ಓದಿ ತೋರಿಸಬಹುದು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು ಮಹಿಳೆಯರ ಹಕ್ಕುಗಳ ಒಪ್ಪಂದವನ್ನು ಆಧಾರ ಮಾಡಿಕೊಂಡೇ ಬಂದದ್ದು. ಪೊಲೀಸ್ ದೌರ್ಜನ್ಯವಾದರೆ ರಾಜ್ಯ ಮಾನವ ಹಕ್ಕುಗಳ ಆಯೋಗ ಬೆಂಗಳೂರಿನಲ್ಲೇ ಇದೆ. ಆದರೆ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡುವಂತಿಲ್ಲ, 1993ರ ಕಾಯ್ದೆಯಲ್ಲೇ ಹಾಗಿದೆ. ಆದ್ದರಿಂದ ಹೇಗ್ ಬಗ್ಗೆ ನನ್ನನ್ನು ಕೇಳುವ ಮೊದಲು ಆ ತಾರೀಖು ನೋಡಿಕೊಂಡು ಬನ್ನಿ.