ಫುರುತಾಕದ ಡೆಕ್ ಏಕೆ ನೇರವಾಗಿಲ್ಲ

ಯುದ್ಧನೌಕೆಗಳ ಪಾರ್ಶ್ವನೋಟದ ನಕ್ಷೆಗಳನ್ನು ಟ್ರೇಸಿಂಗ್ ಹಾಳೆಯ ಮೇಲೆ ಇಳಿಸಿಕೊಳ್ಳುವುದು ನನ್ನ ಹಳೆಯ ಹವ್ಯಾಸ. ಜಪಾನಿನ ಫುರುತಾಕ ಎಂಬ ಕ್ರೂಸರನ್ನು (ವೇಗದ, ಮಧ್ಯಮ ಗಾತ್ರದ ಯುದ್ಧನೌಕೆಯನ್ನು) ಬಿಡಿಸಲು ಕುಳಿತ ದಿನ ಅಳತೆಪಟ್ಟಿ ಕೆಲಸಕ್ಕೆ ಬರಲಿಲ್ಲ. ಮುಂತುದಿಯಲ್ಲಿ ಎತ್ತರವಾಗಿ ಆರಂಭವಾಗುವ ಡೆಕ್ಕಿನ ಗೆರೆ ಹಿಂದಕ್ಕೆ ಸಾಗುತ್ತ ಇಳಿಯುತ್ತದೆ, ನಡುಭಾಗದಲ್ಲಿ ಸ್ವಲ್ಪ ಸಮನಾಗಿ ಮತ್ತೆ ಇಳಿಯುತ್ತದೆ. ಎಲ್ಲಿಯೂ ಮೆಟ್ಟಿಲಿನಂತೆ ಕಡಿದುಹೋಗುವುದಿಲ್ಲ. ಇದು ಸೊಗಸಿಗಾಗಿ ಮಾಡಿದ್ದಲ್ಲ. ಅಲೆಗಳನ್ನು ಎದುರಿಸಲು ಮುಂಭಾಗ ಎತ್ತರವಿರಬೇಕು, ಹಿಂಭಾಗಕ್ಕೆ ಆ ಎತ್ತರ ಬೇಡ. ಆದರೆ ನಡುವೆ ಮೆಟ್ಟಿಲು ಕೊಟ್ಟರೆ ಉದ್ದಕ್ಕೂ ಹಾಯ್ದ ಉಕ್ಕಿನ ಬಲ ಅಲ್ಲಿ ತುಂಡಾಗುತ್ತದೆ, ಅದನ್ನು ಸರಿದೂಗಿಸಲು ಇನ್ನಷ್ಟು ಉಕ್ಕು ಸೇರಿಸಬೇಕಾಗುತ್ತದೆ. ಆ ಹೆಚ್ಚುವರಿ ಉಕ್ಕನ್ನು ಉಳಿಸಲೆಂದೇ ಗೆರೆ ಹೀಗೆ ಬಾಗಿದೆ.

ಫುರುತಾಕ ಮತ್ತು ಅದರ ಸೋದರಿ ನೌಕೆಗಳು ಯುದ್ಧನೌಕೆಗಳಿಗೆ ಮಿತಿ ಹಾಕಿದ 1922ರ ಫೆಬ್ರವರಿಯ ವಾಷಿಂಗ್ಟನ್ ಒಪ್ಪಂದದ ಕೂಸುಗಳೆಂದು ಹೇಳುವುದು ವಾಡಿಕೆ. ನನಗೆ ಅದು ಅರ್ಧ ಸತ್ಯವೆಂದೇ ತೋರುತ್ತದೆ. ಫುರುತಾಕದ ವಿನ್ಯಾಸದ ಕೆಲಸ ಒಪ್ಪಂದಕ್ಕೆ ಮೊದಲೇ ಆರಂಭವಾಗಿತ್ತು, ಬ್ರಿಟನ್ನಿನ 7.5 ಅಂಗುಲದ ಫಿರಂಗಿಗಳ ಹಾಕಿನ್ಸ್ ವರ್ಗಕ್ಕೂ ಅಮೆರಿಕದ ಒಮಾಹಾ ವರ್ಗಕ್ಕೂ ಉತ್ತರವಾಗಬಲ್ಲ, ಆದರೆ ಗಾತ್ರದಲ್ಲಿ ಚಿಕ್ಕದಾದ ಹಡಗು ಜಪಾನಿಗೆ ಬೇಕಾಗಿತ್ತು. ಒಪ್ಪಂದವು 10,000 ಟನ್ ಮತ್ತು 8 ಅಂಗುಲದ ಮಿತಿ ಹಾಕಿದ್ದರ ಪೂರ್ಣ ಪರಿಣಾಮ ಕಾಣುವುದು ಅನಂತರದ ಮ್ಯೋಕೊ ವರ್ಗದಲ್ಲಿ. ಹೆಸರುಗಳಲ್ಲೂ ಹಳೆಯ ಯೋಜನೆಯೊಂದರ ಗುರುತು ಉಳಿದಿದೆ: ಫುರುತಾಕ ಎಂಬುದು ನೌಕಾ ಅಕಾಡೆಮಿಯಿದ್ದ ಎತಾಜಿಮಾ ದ್ವೀಪದ ಬೆಟ್ಟ, ಆದರೆ ಅದರ ಸೋದರಿ ಕಾಕೊಗೆ ನದಿಯ ಹೆಸರು, ಏಕೆಂದರೆ ರದ್ದಾದ ಒಂದು ಲಘು ಕ್ರೂಸರಿಗೆ ಇಟ್ಟಿದ್ದ ಹೆಸರನ್ನೇ ಇದಕ್ಕೆ ಕೊಟ್ಟರು.

ಫುರುತಾಕದ ವಿನ್ಯಾಸಕ ಹಿರಾಗ ಯುಜುರು, ಅವರ ಸಹಾಯಕ ಫುಜಿಮೊಟೊ ಕಿಕುವೊ. ಹಿರಾಗ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ನೌಕಾ ವಿನ್ಯಾಸ ಕಲಿತು ಬಂದವರು. ಅವರ ಮೂಲ ವಿಚಾರ ಸರಳ. ಅಲ್ಲಿಯವರೆಗೆ ಗುಂಡು ತಡೆಯುವ ಉಕ್ಕಿನ ಕವಚವೆಂದರೆ ಬಹುಮಟ್ಟಿಗೆ ಹಡಗಿನ ಒಡಲಿನ ಮೇಲೆ ಹೊದಿಸುವ ಹೊರೆ. ಅದೇ ಫಲಕವನ್ನು ಒಡಲಿನ ಭಾಗವಾಗಿಯೇ ಕಟ್ಟಿದರೆ ಗುಂಡನ್ನು ತಡೆಯುವ ಉಕ್ಕೇ ಹಡಗಿನ ಬೆನ್ನೆಲುಬೂ ಆಗುತ್ತದೆ. ಇದನ್ನು ಪರೀಕ್ಷಿಸಲು ಸಸೆಬೊ ನೌಕಾಂಗಣದಲ್ಲಿ ಯೂಬಾರಿ ಎಂಬ ಪುಟ್ಟ ಕ್ರೂಸರನ್ನು ಕಟ್ಟಿ 1923ರ ಜುಲೈನಲ್ಲಿ ಮುಗಿಸಿದರು. ಆಗಿನ 5,500 ಟನ್ನಿನ ಕ್ರೂಸರುಗಳಲ್ಲಿ 14 ಸೆಂಟಿಮೀಟರಿನ ಏಳು ಫಿರಂಗಿಗಳಿದ್ದರೂ ಒಂದು ಬದಿಗೆ ಆರು ಮಾತ್ರ ಹಾರಿಸಲು ಸಾಧ್ಯವಿತ್ತು; ಯೂಬಾರಿ ಆರೇ ಫಿರಂಗಿಗಳನ್ನು ನಡುಗೆರೆಯ ಮೇಲಿಟ್ಟು ಅಷ್ಟೇ ಬಲವನ್ನು ಬಹಳ ಚಿಕ್ಕ ಒಡಲಿನಲ್ಲಿ ಸಾಧಿಸಿತು. ಬಾಯ್ಲರುಗಳ ಹೊಗೆಯನ್ನೆಲ್ಲ ಒಂದೇ ಬಾಗಿದ ಚಿಮಣಿಗೆ ಕೂಡಿಸಿದ ಆ ರೂಪ ಇಂದಿಗೂ ಥಟ್ಟನೆ ಗುರುತು ಸಿಗುತ್ತದೆ.

ಫುರುತಾಕದಲ್ಲಿ ಇದೇ ವಿಚಾರ ದೊಡ್ಡದಾಯಿತು. 76 ಮಿಲಿಮೀಟರ್ ದಪ್ಪದ ಪಕ್ಕದ ಕವಚ ಒಡಲಿನ ಬಲದಲ್ಲಿ ಪಾಲು ಪಡೆಯಿತು. 20 ಸೆಂಟಿಮೀಟರಿನ ಆರು ಫಿರಂಗಿಗಳು ಒಂದೊಂದು ಗೋಪುರದಲ್ಲಿ ಒಂದೊಂದರಂತೆ, ಮುಂದೆ ಮೂರು, ಹಿಂದೆ ಮೂರು, ನಡುವಿನದು ಎತ್ತರದಲ್ಲಿ. ಕಾಗದದ ಮೇಲೆ ಅಂದವಾದ ಈ ಜೋಡಣೆಯಲ್ಲಿ ಸುಮಾರು 110 ಕಿಲೋ ತೂಕದ ಗುಂಡುಗಳನ್ನು ಕೈಬಲದಿಂದಲೇ ನಿಭಾಯಿಸಬೇಕಿತ್ತು. ಸಿಬ್ಬಂದಿ ದಣಿದಂತೆಲ್ಲ ಗುಂಡು ಹಾರಿಸುವ ವೇಗ ಕುಸಿಯುತ್ತಿತ್ತು. 1927ರಲ್ಲಿ ಮುಗಿದ, ಇದೇ ಮಾದರಿಯ ಮುಂದಿನ ಕ್ರೂಸರುಗಳಾದ ಅವೊಬಾ, ಕಿನುಗಾಸಗಳಿಗೆ ಜೋಡಿ ಫಿರಂಗಿಯ ಮೂರು ಗೋಪುರಗಳು ಬಂದವು.

ತೂಕ ಉಳಿಸಲೆಂದೇ ಹುಟ್ಟಿದ ವಿನ್ಯಾಸ ತೂಕದಲ್ಲೇ ಎಡವಿತೆಂಬುದು ನನಗೆ ಅತ್ಯಂತ ಕುತೂಹಲದ ಸಂಗತಿ. ಯೂಬಾರಿ ಲೆಕ್ಕಕ್ಕಿಂತ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಭಾರವಾಗಿತ್ತು. 1926ರಲ್ಲಿ ಮುಗಿದ ಫುರುತಾಕ ಸುಮಾರು 1,000 ಟನ್ ಮೀರಿ, ಎಣಿಸಿದ್ದಕ್ಕಿಂತ ಸುಮಾರು ಒಂದು ಮೀಟರ್ ಹೆಚ್ಚು ಆಳಕ್ಕೆ ಇಳಿಯಿತು. ಹಡಗು ಇಳಿದಷ್ಟೂ ಕವಚ ನೀರಿನೊಳಗೆ ಹೋಗುತ್ತದೆ. ನೀರಿನ ಮೇಲೆ ಉಳಿದದ್ದು ಅದರ ಕಿರಿದಾದ ಪಟ್ಟಿ ಮಾತ್ರ.

ಟಾರ್ಪಿಡೊಗಳ ವಿಷಯದಲ್ಲಿ ನಾನು ಹಿರಾಗರ ಪಕ್ಷ. ಒಡಲಿನೊಳಗೆ ಹನ್ನೆರಡು ಟಾರ್ಪಿಡೊ ನಳಿಗೆಗಳನ್ನು ಇಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ, ಶತ್ರುವಿನ ಒಂದು ಗುಂಡು ಸಾಕು, ನಮ್ಮ ಸಿಡಿತಲೆಗಳೇ ನಮ್ಮನ್ನು ಮುಳುಗಿಸುತ್ತವೆ ಎಂಬುದು ಅವರ ಅಂಜಿಕೆ. ನೌಕಾ ಸೇನಾ ಮುಖ್ಯಾಲಯ ಕೇಳಲಿಲ್ಲ. ಹಿರಾಗರ ಹೆಸರಾದ ಯುಜುರು ಎಂದರೆ ಬಿಟ್ಟುಕೊಡುವವನು. ಜೊತೆಯವರು ಅವರನ್ನು 'ಯುಜುರಜು', ಅಂದರೆ ಬಿಟ್ಟುಕೊಡದವನು, ಎಂದು ಹಾಸ್ಯ ಮಾಡುತ್ತಿದ್ದರು. ಮ್ಯೋಕೊ ವರ್ಗದಲ್ಲಿ ಅವರು ಟಾರ್ಪಿಡೊಗಳನ್ನು ಬಿಟ್ಟೇ ನಕ್ಷೆ ಮಾಡಿದರು. ಅವರು ಯೂರೋಪಿಗೆ ಹೋಗಿದ್ದಾಗ ಫುಜಿಮೊಟೊ ಅವನ್ನು ಸೇರಿಸಲು ಒಪ್ಪಿದರು.

1930ರ ದಶಕದ ಪುನರ್ನಿರ್ಮಾಣದಲ್ಲಿ ಫುರುತಾಕದ ನಳಿಗೆಗಳು ಒಡಲಿನಿಂದ ಮೇಲಿನ ಡೆಕ್ಕಿಗೆ ಬಂದವು. 1942ರ ಅಕ್ಟೋಬರ್ 11ರ ರಾತ್ರಿ, ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದ ಬಳಿಯ ಕೇಪ್ ಎಸ್ಪೆರೆನ್ಸ್ ಕಾಳಗದಲ್ಲಿ, ಅಮೆರಿಕದ ಗುಂಡೊಂದು ಆ ನಳಿಗೆಗಳಿಗೇ ತಗಲಿ ಬೆಂಕಿ ಎದ್ದಿತು. ಆ ಬೆಳಕನ್ನೇ ಗುರಿಯಾಗಿಸಿ ಇನ್ನಷ್ಟು ಗುಂಡುಗಳು ಬಿದ್ದವು, ಹಡಗು ಮುಳುಗಿತು.