ಮೋಶಿಯ ಮಕ್ಕಳು, 600 ಡಾಲರ್ ಮತ್ತು ರಾಗಿ ಗಂಜಿ

ಮೂವತ್ತೆರಡು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವಳು ನಾನು. ಮಗನ ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು. ಟಾಂಜಾನಿಯಾದ ಮೋಶಿಯಲ್ಲಿ ಅನಾಥ ಮಕ್ಕಳಿಗೆ ಪಾಠ ಹೇಳಿಕೊಡಬಹುದು ಅಂತ ಒಂದು ಜಾಹೀರಾತು ನೋಡಿ ಹೊರಟೆ. ಮೂರು ವಾರಕ್ಕೆ 600 ಡಾಲರ್, ವಿಮಾನದ ಖರ್ಚು ಬೇರೆ. "ಸೇವೆ ಮಾಡೋಕೂ ನಾವೇ ದುಡ್ಡು ಕೊಡಬೇಕೇನಮ್ಮಾ?" ಅಂತ ಮಗ ಕೇಳಿದ. ಅವನಿಗೆ ಚೆನ್ನಾಗಿ ಬೈದೆ. ಈಗ ಅವನೆದುರು ಒಪ್ಪಿಕೊಳ್ಳೋಕೆ ನಾಚಿಕೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ದುಡ್ಡಿಗೆ ಸಿಕ್ಕಿದ್ದು ಎಂಟು ಜನರ ಕೋಣೆಯಲ್ಲಿ ಮೇಲಿನ ಮಂಚ. ಅರವತ್ತು ದಾಟಿದವಳು ರಾತ್ರಿ ಎರಡು ಸಲ ಏಣಿ ಇಳಿದು ಹತ್ತಬೇಕು. ಉಳಿದ ಏಳೂ ಜನ ಹತ್ತೊಂಬತ್ತು, ಇಪ್ಪತ್ತರ ಯುರೋಪಿನ ಹುಡುಗಿಯರು. ಪಾಪ, ಒಳ್ಳೆಯವರೇ, ಆದರೆ ನಿದ್ದೆ ಮಾಡುವ ಜಾತಿಯವರಲ್ಲ. ಎರಡು ಬೀದಿ ಆಚೆ ಗೆಸ್ಟ್‌ಹೌಸಿನಲ್ಲಿ ಸೊಳ್ಳೆಪರದೆ, ಬಿಸಿನೀರು ಸಮೇತ ಒಬ್ಬರ ಕೋಣೆಗೆ ದಿನಕ್ಕೆ 25,000 ಶಿಲ್ಲಿಂಗ್ ಅಂದರು. ರೂಪಾಯಿಗೆ ಸುಮಾರು 30 ಶಿಲ್ಲಿಂಗ್ ಅಂತ ಲೆಕ್ಕ ಹಾಕಿದರೆ ಎಂಟುನೂರು ಚಿಲ್ಲರೆ. ನಾಲ್ಕನೇ ದಿನ ಪೆಟ್ಟಿಗೆ ಎತ್ತಿಕೊಂಡು ಅಲ್ಲಿಗೆ ಹೋದೆ. ನೀವು ಮೊದಲ ದಿನವೇ ಹೋಗಿ.

ಆ ಅನಾಥ ಮಕ್ಕಳ ಮನೆಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದವು. ಹೋದ ತಕ್ಷಣ "ಶಿಕಮೂ" ಅಂದವು. ಅದು ಹಿರಿಯರಿಗೆ ಹೇಳುವ ನಮಸ್ಕಾರ, ನಾವು ತಿರುಗಿ "ಮರಹಬಾ" ಅನ್ನಬೇಕು. ಆಮೇಲೆ "ಬೀಬಿ, ಬೀಬಿ" ಅಂತ ಕೂಗಿದವು. ಗಾಬರಿಯಾಗಬೇಡಿ, ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಬೀಬಿ ಅಂದರೆ ಅಜ್ಜಿ. ಆರು ವರ್ಷದ ಒಂದು ಹುಡುಗಿ ಓಡಿ ಬಂದು ಕುತ್ತಿಗೆಗೆ ಜೋತುಬಿದ್ದಳು. ಜೊತೆಗಿದ್ದ ಹುಡುಗಿಯರಿಗೆ ಕಣ್ಣಲ್ಲಿ ನೀರು. ನನಗೆ ಮಾತ್ರ ಕಸಿವಿಸಿ ಆಯಿತು. ಒಂದನೇ ಕ್ಲಾಸಿಗೆ ಸೇರುವ ಮಗು ಮೊದಲ ದಿನ ನಮ್ಮನ್ನು ನೋಡಿ ಅಳಬೇಕು, ಅಮ್ಮನ ಸೆರಗು ಹಿಡಿಯಬೇಕು. ಗುರುತಿಲ್ಲದವರನ್ನು ನೋಡಿದ ಕೂಡಲೇ ಅಪ್ಪಿಕೊಳ್ಳುವ ಮಗು ಎಷ್ಟು ಜನ ಬಂದು ಹೋಗಿದ್ದನ್ನು ನೋಡಿರಬೇಕು ಹೇಳಿ.

ಪಾಠದ ಕಥೆ ಇನ್ನೂ ಚೆಂದ. ಒಬ್ಬ ಹುಡುಗನ ನೋಟ್‌ಬುಕ್ ತೆಗೆದು ನೋಡಿದೆ. ಮೊದಲ ಪುಟದಲ್ಲಿ ಎ ಇಂದ ಝಡ್. ನಾಲ್ಕನೇ ಪುಟದಲ್ಲಿ ಬೇರೆ ಯಾರದ್ದೋ ಕೈಬರಹದಲ್ಲಿ ಮತ್ತೆ ಎ ಇಂದ ಝಡ್. ಒಂಬತ್ತನೇ ಪುಟದಲ್ಲಿ ಇನ್ನೊಂದು ಕೈ, ಹಸಿರು ಶಾಯಿ, ಮತ್ತೆ ಅದೇ. ಹೊಸಬರು ಬಂದಾಗಲೆಲ್ಲ ಅಲ್ಲಿಂದಲೇ ಶುರು. ಆ ಹುಡುಗನಿಗೆ ಎಲ್ಲಾ ಬರುತ್ತಿತ್ತು. ಆದರೂ ನಾನು ಹೇಳಿಕೊಟ್ಟಾಗ ಈಗಷ್ಟೇ ಕಲಿತವನ ಹಾಗೆ ಖುಷಿಪಟ್ಟು ತೋರಿಸಿದ. ಅವನೇ ನನ್ನನ್ನು ಸುಧಾರಿಸುತ್ತಿದ್ದ.

ಭಾನುವಾರ ಒಬ್ಬಳು ಹೆಂಗಸು ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದಳು. ಆ ಆರು ವರ್ಷದ ಹುಡುಗಿ ಸುಮ್ನೆ ಹೋಗಿ ಅವಳ ತೊಡೆ ಮೇಲೆ ಕೂತಳು. ಓಟ ಇಲ್ಲ, ಅಪ್ಪುಗೆ ಇಲ್ಲ. ಯಾರಿದು ಅಂತ ಕೇಳಿದರೆ ಅಡುಗೆಯವಳು "ಮಾಮಾ ಯಾಕೆ" ಅಂದಳು. ಅಂದರೆ ಅವಳ ತಾಯಿ. ಎರಡು ಕಿಲೋಮೀಟರ್ ದೂರದ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುತ್ತಾಳಂತೆ. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಸ್ವಾಹಿಲಿಯಲ್ಲಿ, ಹೈಸ್ಕೂಲಿಗೆ ಹೋದ ಕೂಡಲೇ ಇಂಗ್ಲಿಷ್. ಇಲ್ಲಿ ಬಿಟ್ಟರೆ ಮಗಳು ಇಂಗ್ಲಿಷ್ ಕಲಿಯುತ್ತಾಳೆ ಅಂತ ಬಿಟ್ಟಿದ್ದಾಳೆ. ನಮ್ಮೂರಲ್ಲಿ ಕಾನ್ವೆಂಟ್ ವ್ಯಾನಿಗೆ ಮಗು ಹತ್ತಿಸುವ ತಾಯಂದಿರೇ ನೆನಪಾದರು. ಲೆಕ್ಕ ಹಾಕಿದೆ: ಇಪ್ಪತ್ತೆರಡರಲ್ಲಿ ಹದಿನಾಲ್ಕು ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದರು. ಪಕ್ಕದ ಕೀನ್ಯಾದಲ್ಲಿ 2017ರಲ್ಲೇ ಹೊಸ ಮಕ್ಕಳ ಮನೆಗಳ ನೋಂದಣಿ ನಿಲ್ಲಿಸಿದ್ದರು ಅಂತ ನನಗೆ ಗೊತ್ತಾಗಿದ್ದು ಊರಿಗೆ ಬಂದ ಮೇಲೆ.

ಇನ್ನೊಂದು ವಿಷಯ. "ಏರ್‌ಪೋರ್ಟಿನಲ್ಲಿ ಟೂರಿಸ್ಟ್ ಅಂತ ಹೇಳಿ ಸಾಕು" ಅಂತ ಜಾಹೀರಾತು ಕೊಟ್ಟವರು ಅಂದಿದ್ದರು. ಸಾಲದು. ಟೂರಿಸ್ಟ್ ವೀಸಾದಲ್ಲಿ ಇಂಥ ಕೆಲಸ ಮಾಡುವ ಹಾಗಿಲ್ಲ, ಸ್ವಯಂಸೇವಕರಿಗೆ ಕ್ಲಾಸ್ ಸಿ ಅನ್ನುವ ಪರ್ಮಿಟ್ ಇದೆ. ನನ್ನ ಪೊಲೀಸ್ ಸರ್ಟಿಫಿಕೇಟನ್ನೂ ಯಾರೂ ಕೇಳಲಿಲ್ಲ. ನನ್ನನ್ನು ಕೇಳದವರು ಬೇರೆ ಯಾರನ್ನು ಕೇಳಿರುತ್ತಾರೆ? ಹೋಗಲೇಬೇಕು ಅನ್ನುವವರು ಪರ್ಮಿಟ್ ಮಾಡಿಸುವ, ಪೊಲೀಸ್ ಕಾಗದ ಕೇಳುವ, ಮಕ್ಕಳ ಬದಲು ಅಲ್ಲಿನ ಟೀಚರ್ ಜೊತೆ ಕೂರಿಸುವ ಕಡೆ ಹೋಗಿ. ಶಾಲೆ ಜನವರಿಯಿಂದ ಡಿಸೆಂಬರ್, ಜೂನಿನಲ್ಲಿ ರಜೆ ಇರುತ್ತೆ. ನಾನು ಒಂಬತ್ತನೇ ದಿನ ಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ.

ಬಿಟ್ಟ ಮೇಲೆ ದಿನಾ ಹೋಗುತ್ತಿದ್ದದ್ದು ಬಸ್ ಸ್ಟ್ಯಾಂಡ್ ಹಿಂದಿನ ಒಂದು ತಗಡಿನ ಹೋಟೆಲಿಗೆ. ರಸ್ತೆ ಬದಿ ಅಡುಗೆ ಮಾಡಿ ಹಾಕುವ ಹೆಂಗಸರಿಗೆ ಅಲ್ಲಿ ಮಾಮಾ ನ್ತಿಲಿಯೆ ಅಂತಾರೆ. ಎರಡು ಬೆಂಚು, ಮೂರು ಇದ್ದಿಲ ಒಲೆ. ಕೂತ ಕೂಡಲೇ ಹೋಟೆಲಿನಾಕೆ ಚೊಂಬಿನಿಂದ ಕೈಗೆ ಬಿಸಿನೀರು ಹಾಕುತ್ತಾಳೆ. ಆಮೇಲೆ ಉಗಾಲಿ, ಅಂದರೆ ಮೆಕ್ಕೆಜೋಳದ ಬಿಳಿ ಮುದ್ದೆ. ಕೈಯಲ್ಲೇ ಮುರಿದು ತಿನ್ನೋದು. ನಮ್ಮ ಹಾಗೆ ನುಂಗಲ್ಲ, ಅಗಿಯುತ್ತಾರೆ. ನಾನು ನುಂಗಿದ್ದು ನೋಡಿ ಬೆಂಚಿನವರೆಲ್ಲ ನಕ್ಕರು. ಜೊತೆಗೆ ಮಹರಾಗೆ ಅನ್ನುವ ಕಾಳಿನ ಸಾರು, ಮ್ಚಿಚಾ ಅನ್ನುವ ಸೊಪ್ಪಿನ ಪಲ್ಯ. ಬಾಯಿಗಿಟ್ಟರೆ ನಮ್ಮ ದಂಟಿನ ಸೊಪ್ಪೇ! ಇಷ್ಟಕ್ಕೆ 2,500 ಶಿಲ್ಲಿಂಗ್. ಮಾಂಸ ತಿನ್ನದವರು "ಬಿಲಾ ನ್ಯಾಮಾ" ಅಂದರೆ ಸಾಕು. ಖಾರ ಮಾತ್ರ ಇಲ್ಲ, ಚಟ್ನಿಪುಡಿ ಒಯ್ಯಿರಿ. ಆದರೆ ಪ್ಲಾಸ್ಟಿಕ್ ಕೈಚೀಲದಲ್ಲಿ ಬೇಡ, 2019ರ ಜೂನಿನಿಂದ ಅಲ್ಲಿ ನಿಷೇಧ.

ಬೆಳಗ್ಗೆ ಹೋದರೆ ಉಜಿ, ಅಂದರೆ ಗಂಜಿ. ಮೊದಲ ದಿನ ಲೋಟದಲ್ಲಿ ಕಂದು ಬಣ್ಣ ನೋಡಿ ಅನುಮಾನ ಬಂತು. ಕುಡಿದೆ. ರಾಗಿ! ಅವರು ಅದಕ್ಕೆ ಉಲೇಝಿ ಅಂತಾರೆ. ಡಬ್ಬಿ ತರಿಸಿ ಕಾಳು ಅಂಗೈಗೆ ಸುರಿದುಕೊಂಡು ನೋಡಿದೆ, ಅದೇ ಸಾಸಿವೆಯಂಥ ಕೆಂಪು ಕಾಳು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ, ನಮಗೆ ಬಂದಿದ್ದು ಅಲ್ಲಿಂದ. ಮೋಶಿಯ ಚಗ್ಗಾ ಜನ ಬಾಳೆಹಣ್ಣಿಗೆ ಇದೇ ರಾಗಿ ಸೇರಿಸಿ ಮ್ಬೆಗೆ ಅನ್ನುವ ಹೆಂಡ ಮಾಡುತ್ತಾರೆ. ಅದರ ರುಚಿ ಕೇಳಬೇಡಿ.

ಕಿಲಿಮಂಜಾರೋ ಬೆಳಗ್ಗೆ, ಸಂಜೆ ಕಾಣುತ್ತೆ. ಮಧ್ಯಾಹ್ನ ಮೋಡ.

ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೇಲೆ ಬರುವವರು ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಕೊಡುವ ಹಳದಿ ಪುಸ್ತಕ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಕೊನೆಗೆ ಬಸ್ಸು. ಅಲ್ಲಿನ ದೊಡ್ಡ ನಗರ ದಾರ್ ಎಸ್ ಸಲಾಮಿಗೆ ಟಿಕೆಟ್ ತಗೊಂಡೆ. ಟೈಮು 12:00 ಅಂತ ಬರೆದುಕೊಟ್ಟರು. ಹನ್ನೊಂದೂವರೆಗೆ ಪೆಟ್ಟಿಗೆ ಸಮೇತ ನಿಂತೆ. ಕೊಂಡಾ (ಕಂಡಕ್ಟರಿಗೆ ಅಲ್ಲಿ ಹಾಗೇ ಅನ್ನೋದು) ಟಿಕೆಟ್ ನೋಡಿ ತಲೆ ಚಚ್ಚಿಕೊಂಡ. ಬಸ್ಸು ಬೆಳಗ್ಗೆ ಆರಕ್ಕೇ ಹೋಗಿತ್ತು. ಸ್ವಾಹಿಲಿ ಗಡಿಯಾರ ಸೂರ್ಯನ ಜೊತೆ ಶುರುವಾಗುತ್ತೆ. ನಮ್ಮ ಏಳು ಅವರಿಗೆ ಒಂದು, ನಮ್ಮ ಆರು ಅವರಿಗೆ ಹನ್ನೆರಡು. ಯಾರು ಟೈಮು ಹೇಳಿದರೂ "ಅಸುಬುಹಿ?" ಅಂತ ಕೇಳಿ, ಅಂದರೆ ಬೆಳಗ್ಗೆಯಾ ಅಂತ. ವಿಮಾನಕ್ಕೆ ಎರಡು ದಿನ ಬಾಕಿ ಇತ್ತು, ಬಚಾವಾದೆ.

ಟಿಕೆಟ್ ದುಡ್ಡು ಹೋಯಿತು. ಹೋಟೆಲಿಗೆ ವಾಪಸ್ ಹೋಗಿ ಕೂತೆ. ವಿಷಯ ಗೊತ್ತಾಗಿ ಹೋಟೆಲಿನಾಕೆ ಸೌಟು ಹಿಡಿದುಕೊಂಡೇ ನಕ್ಕಳು. ಆಮೇಲೆ ತನ್ನ ಮಗನನ್ನು ಕಳಿಸಿ ಮಾರನೇ ದಿನದ ಟಿಕೆಟ್ ತರಿಸಿದಳು. ಬೆಳಗ್ಗೆ ಐದೂವರೆಗೆ ಕಾಗದದಲ್ಲಿ ನಾಲ್ಕು ಬಿಸಿ ಮಂದಾಝಿ ಕಟ್ಟಿಕೊಟ್ಟಳು, ನಮ್ಮ ಮಂಗಳೂರು ಬನ್ಸ್ ಥರದ್ದು. ಸಿಕ್ಕಿದ್ದು ಕೊನೇ ಸಾಲಿನ ಸೀಟು, ಕಾಲಡಿ ಯಾರದ್ದೋ ಅಕ್ಕಿ ಮೂಟೆ. ದಾರ್ ಮುಟ್ಟುವಾಗ ಸಂಜೆಯಾಗಿತ್ತು.